ಡಿಎಲ್ ಪರೀಕ್ಷೆ: ಕಾಗದಕ್ಕಿರುವ ಕಾವಲು ಕಲಿಕೆಗಿಲ್ಲ

ಬೆಂಗಳೂರು: 2024ರ ಮೇ ತಿಂಗಳ ಕೊನೆಯಲ್ಲಿ ದೇಶದೆಲ್ಲೆಡೆ ಮೊಬೈಲ್‌ನಿಂದ ಮೊಬೈಲ್‌ಗೆ ಒಂದು ಸುದ್ದಿ ಹರಿದಾಡಿತು. ಜೂನ್ 1ರಿಂದ ಚಾಲನಾ ಪರವಾನಗಿ ಪಡೆಯಲು ಆರ್‌ಟಿಒ ಕಚೇರಿಯಲ್ಲಿ ಪರೀಕ್ಷೆ ಕೊಡಬೇಕಾಗಿಲ್ಲ, ಖಾಸಗಿ ಡ್ರೈವಿಂಗ್ ಶಾಲೆಯ ಪ್ರಮಾಣಪತ್ರವೇ ಸಾಕು ಎಂಬುದು ಅದರ ಸಾರ. ಸುದ್ದಿಯ ಬೆನ್ನಿಗೇ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಸ್ಪಷ್ಟನೆ ನೀಡಬೇಕಾಯಿತು. ಜೂನ್ 1ರಿಂದ ಯಾವ ಹೊಸ ನಿಯಮವೂ ಜಾರಿಗೆ ಬರುತ್ತಿಲ್ಲ. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಸಂಬಂಧಿಸಿದ ನಿಯಮಗಳು 2021ರ ಜುಲೈ 1ರಿಂದಲೇ ಜಾರಿಯಲ್ಲಿವೆ ಎಂದು ಅದು ತಿಳಿಸಿತು. ಮೂರು ವರ್ಷ ಹಳೆಯದಾದ ನಿಯಮವೊಂದು ಹೊಸ ಸುದ್ದಿಯಾಗಿ ಹಬ್ಬಿದ್ದು ವಿಚಿತ್ರ. ಆದರೆ ಅದು ಅಷ್ಟು ಬೇಗ ಹಬ್ಬಿದ್ದು ವಿಚಿತ್ರವಲ್ಲ. 'ಪರೀಕ್ಷೆ ಇಲ್ಲದೆ ಡಿಎಲ್' ಎಂಬ ಮಾತಿಗೆ ಈ ದೇಶದಲ್ಲಿ ಎಂದೂ ಕೇಳುಗರ ಕೊರತೆಯಾಗಿಲ್ಲ.

ಚಾಲನಾ ಪರವಾನಗಿಯನ್ನು ಸಮಾಜ ಹೇಗೆ ಕಾಣುತ್ತಿದೆ ಎಂಬುದಕ್ಕೆ ಈ ಪ್ರಸಂಗವೇ ಕನ್ನಡಿ. ಬಹುತೇಕರ ಪಾಲಿಗೆ ಅದು ಗುರುತಿನ ಚೀಟಿ, ಪೊಲೀಸರು ಅಡ್ಡಗಟ್ಟಿದಾಗ ತೋರಿಸುವ ಕಾರ್ಡು. ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ಒಂದು ವಿದ್ಯೆಗೆ ಸರ್ಕಾರ ಕೊಡುವ ಪ್ರಮಾಣಪತ್ರ. ಈ ಎರಡು ದೃಷ್ಟಿಗಳ ನಡುವಿನ ಅಂತರ ಕಳೆದ ಎರಡು ದಶಕಗಳಲ್ಲಿ ಕಡಿಮೆಯಾಗಿದೆಯೇ ಎಂಬುದೇ ಪ್ರಶ್ನೆ.

ಕಾನೂನು ಕೇಳುವುದೇನು?

1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಈ ವಿಷಯದಲ್ಲಿ ಮೂಲ ಆಧಾರ. ಖಾಸಗಿ ವಾಹನಕ್ಕೆ 18 ವರ್ಷ, ಸಾರಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕು. ಮೊದಲು ಕಲಿಕಾ ಪರವಾನಗಿ, ಅಂದರೆ ಜನರ ಬಾಯಲ್ಲಿ 'ಎಲ್‌ಎಲ್'. ಇದರ ಅವಧಿ ಆರು ತಿಂಗಳು. ಎಲ್‌ಎಲ್ ಪಡೆದು ಕನಿಷ್ಠ 30 ದಿನ ಕಳೆಯದೆ ಚಾಲನಾ ಪರೀಕ್ಷೆಗೆ ಹಾಜರಾಗುವಂತಿಲ್ಲ. ಆರು ತಿಂಗಳು ಮೀರಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಮೂರು ಬಾರಿ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಮುಂದಿನ ಪ್ರಯತ್ನಕ್ಕೆ 60 ದಿನ ಕಾಯಬೇಕು.

ಕೇಂದ್ರ ನಿಯಮಗಳ ಪ್ರಕಾರ ಒಂದು ವರ್ಗದ ವಾಹನಕ್ಕೆ ಎಲ್‌ಎಲ್ ಶುಲ್ಕ 150 ರೂಪಾಯಿ, ಅದರ ಪರೀಕ್ಷೆಗೆ 50 ರೂಪಾಯಿ, ಚಾಲನಾ ಪರೀಕ್ಷೆಗೆ 300 ರೂಪಾಯಿ, ಪರವಾನಗಿ ವಿತರಣೆಗೆ 200 ರೂಪಾಯಿ. ಒಟ್ಟು 700 ರೂಪಾಯಿ. ರಾಜ್ಯದ ಸೇವಾ ಶುಲ್ಕವಿದ್ದರೆ ಅದು ಪ್ರತ್ಯೇಕ. 2016ರ ಡಿಸೆಂಬರ್‌ನಲ್ಲಿ ಪರಿಷ್ಕರಣೆಯಾದ ಶುಲ್ಕವಿದು. ಮಧ್ಯವರ್ತಿಗೆ ಕೊಟ್ಟ ಹಣವನ್ನು ಈ ಮೊತ್ತದೊಂದಿಗೆ ಹೋಲಿಸಿ ನೋಡಿದರೆ ಉಳಿದದ್ದು ಯಾವ ಸೇವೆಗೆ ಸಂದಿತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಎಲ್‌ಎಲ್ ಹೊಂದಿದವರು ಒಬ್ಬರೇ ಕಾರು ಓಡಿಸುವಂತಿಲ್ಲ. ಪಕ್ಕದಲ್ಲಿ, ವಾಹನವನ್ನು ನಿಯಂತ್ರಿಸಬಲ್ಲ ಅಥವಾ ನಿಲ್ಲಿಸಬಲ್ಲ ಸ್ಥಾನದಲ್ಲಿ, ಪರವಾನಗಿ ಹೊಂದಿದ ಬೋಧಕರು ಕುಳಿತಿರಬೇಕು. ಬೈಕ್‌ನ ಹಿಂಬದಿಯಲ್ಲಿ ಕಲಿಸುವವರ ಹೊರತು ಇನ್ನಾರನ್ನೂ ಕೂರಿಸುವಂತಿಲ್ಲ. ವಾಹನದ ಮುಂದೆ ಮತ್ತು ಹಿಂದೆ 'ಎಲ್' ಫಲಕ ಕಡ್ಡಾಯ. ಅದರ ಅಳತೆಯನ್ನೂ ನಿಯಮ ಬಿಟ್ಟುಕೊಟ್ಟಿಲ್ಲ: 18 ಸೆಂಟಿಮೀಟರ್ ಚೌಕದ ಬಿಳಿ ಹಿನ್ನೆಲೆಯ ಮೇಲೆ 10 ಸೆಂಟಿಮೀಟರ್ ಎತ್ತರದ ಕೆಂಪು ಅಕ್ಷರ. ಕಾರಿನ ಹಿಂದಿನ ಗಾಜಿಗೆ ಅಂಟಿಸಿದ ಕೆಂಪು ಟೇಪಿನ ತುಂಡುಗಳನ್ನು ನೋಡಿದವರಿಗೆ ಈ ನಿಯಮ ಎಷ್ಟು ಮಂದಿಗೆ ಗೊತ್ತಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಎಲ್‌ಎಲ್ ನೀಡುವ ಮುನ್ನ ನಡೆಯುವ ಪ್ರಾಥಮಿಕ ಪರೀಕ್ಷೆಯ ವ್ಯಾಪ್ತಿ ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ದೊಡ್ಡದು. ರಸ್ತೆ ಚಿಹ್ನೆಗಳಷ್ಟೇ ಅಲ್ಲ, ಅಪಘಾತವಾದಾಗ ಚಾಲಕನ ಕರ್ತವ್ಯಗಳೇನು, ಕಾವಲುಗಾರನಿಲ್ಲದ ರೈಲ್ವೆ ಗೇಟು ದಾಟುವಾಗ ವಹಿಸಬೇಕಾದ ಎಚ್ಚರಿಕೆ ಏನು, ವಾಹನದಲ್ಲಿ ಯಾವ ದಾಖಲೆಗಳಿರಬೇಕು ಎಂಬುದೂ ಅದರಲ್ಲಿ ಸೇರಿದೆ. ಪ್ರಶ್ನೆಗಳಲ್ಲಿ ಶೇ. 60ಕ್ಕೆ ಸರಿಯುತ್ತರ ಬಂದರೆ ಉತ್ತೀರ್ಣ. ಅಪಘಾತದ ನಂತರದ ಕರ್ತವ್ಯಗಳನ್ನು ಕಾಯ್ದೆಯ 134ನೇ ಕಲಂ ವಿವರಿಸುತ್ತದೆ. ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸಬೇಕು, ಪೊಲೀಸರಿಗೆ ಗರಿಷ್ಠ 24 ಗಂಟೆಗಳೊಳಗೆ ವಿಷಯ ತಿಳಿಸಬೇಕು, ವಿಮಾ ಕಂಪನಿಗೂ ಲಿಖಿತ ಮಾಹಿತಿ ನೀಡಬೇಕು. ಅಪಘಾತ ಮಾಡಿ ಪರಾರಿಯಾದ ಚಾಲಕರ ಸುದ್ದಿ ದಿನನಿತ್ಯ ಓದುವವರಿಗೆ, ಈ ಪಾಠ ಎಲ್‌ಎಲ್ ಪಠ್ಯದ ಭಾಗ ಎಂದು ತಿಳಿದರೆ ಆಶ್ಚರ್ಯವಾದೀತು.

ವೈದ್ಯಕೀಯ ವಿಷಯದಲ್ಲಿ 40 ವರ್ಷದೊಳಗಿನ ಖಾಸಗಿ ಚಾಲಕರಿಗೆ ಸ್ವಯಂ ಘೋಷಣೆ ಸಾಕು. 40 ಮೀರಿದವರು ಮತ್ತು ಸಾರಿಗೆ ವಾಹನ ಚಾಲಕರು ವೈದ್ಯರ ಪ್ರಮಾಣಪತ್ರ ತರಬೇಕು. ಅಲ್ಪ ಅಥವಾ ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ಪರವಾನಗಿ ಪಡೆಯಲು 2020ರ ಜೂನ್‌ನಲ್ಲಿ ಅವಕಾಶ ಕಲ್ಪಿಸಲಾಗಿದೆ. ಸಾರಿಗೆ ವಾಹನ ಚಾಲಕರಿಗಿದ್ದ ಎಂಟನೇ ತರಗತಿ ಉತ್ತೀರ್ಣತೆಯ ಷರತ್ತನ್ನು 2019ರಲ್ಲಿ ಕೈಬಿಡಲಾಗಿದೆ.

ಯಾರೂ ಓದದ ಪಟ್ಟಿ

ಎಲ್ಲಕ್ಕಿಂತ ಮುಖ್ಯವಾದದ್ದು ಕೇಂದ್ರ ನಿಯಮಗಳ 15ನೇ ನಿಯಮ. ಚಾಲನಾ ಪರೀಕ್ಷೆಯಲ್ಲಿ ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕು ಎಂಬ ಉದ್ದನೆಯ ಪಟ್ಟಿ ಅದರಲ್ಲಿದೆ. ಹಿಂಬದಿ ನೋಡುವ ಕನ್ನಡಿ ಸರಿಪಡಿಸಿಕೊಳ್ಳುವುದು, ಸೀಟ್ ಬೆಲ್ಟ್ ಧರಿಸುವುದರಿಂದ ಅದು ತೊಡಗುತ್ತದೆ. ಗೇರು ಬದಲಾವಣೆ, ಹಿಮ್ಮುಖ ಚಾಲನೆ, ತುರ್ತಾಗಿ ನಿಲ್ಲಿಸುವುದು ಇವೆಲ್ಲ ನಿರೀಕ್ಷಿತವೇ. ಪಟ್ಟಿಯ ಮುಂದಿನ ಭಾಗವೇ ಗಮನಾರ್ಹ. ಸಿಗ್ನಲ್ ದೀಪವಾಗಲಿ ಪೊಲೀಸರಾಗಲಿ ಇಲ್ಲದ ಪಾದಚಾರಿ ದಾಟುವೆಡೆಯಲ್ಲಿ ರಸ್ತೆ ದಾಟುವವರಿಗೆ ಆದ್ಯತೆ ನೀಡಬೇಕು. ಪಾದಚಾರಿಗಳು, ಸೈಕಲ್ ಸವಾರರು ಮತ್ತು ಇತರ ಚಾಲಕರು ಮುಂದೇನು ಮಾಡಬಹುದೆಂದು ಊಹಿಸಬಲ್ಲವನಾಗಿರಬೇಕು. ಅಡ್ಡರಸ್ತೆಯಿಂದ ಹೊರಬರುವ ಮುನ್ನ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಬೇಕು. ಕೊನೆಗೆ, ಗಮನ ಚದುರದಂತೆ ವಾಹನ ನಡೆಸಿ, ರಸ್ತೆಯ ಇತರ ಬಳಕೆದಾರರೊಂದಿಗೆ ಸೌಜನ್ಯದಿಂದ ವರ್ತಿಸಿ ತೋರಿಸಬೇಕು.

ಸೌಜನ್ಯ! ಅದಕ್ಕೂ ಪರೀಕ್ಷೆಯಿದೆ. ಬೆಂಗಳೂರಿನ ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಒಂದು ಗಂಟೆ ಕಳೆದವರು ಇದನ್ನು ನಂಬುವುದು ಕಷ್ಟ. ಆದರೆ ಈ ಸಾಲು ನಿಯಮದಲ್ಲಿದೆ.

ಇದರ ಜೊತೆಗೆ ಓದಿಕೊಳ್ಳಬೇಕಾದದ್ದು 2017ರ ಜೂನ್‌ನಲ್ಲಿ ಹೊರಡಿಸಲಾದ ಮೋಟಾರು ವಾಹನಗಳ ಚಾಲನಾ ನಿಬಂಧನೆಗಳು. 1989ರ ಹಳೆಯ ರಸ್ತೆ ನಿಯಮಗಳ ಬದಲಿಗೆ ಬಂದಿರುವ ಇವು, ರಸ್ತೆಯಲ್ಲಿ ಯಾರಿಗೆ ಯಾರು ದಾರಿ ಬಿಡಬೇಕು ಎಂಬುದನ್ನು ನಿರ್ಧರಿಸುತ್ತವೆ. ಒಂದು ಉದಾಹರಣೆ ಸಾಕು. ಕಡಿದಾದ ರಸ್ತೆಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕು. ಏರುತ್ತಿರುವ ಲಾರಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಎಷ್ಟು ಕಷ್ಟ, ಹಿಂದಕ್ಕೆ ಜಾರಿದರೆ ಏನಾದೀತು ಎಂಬ ಸರಳ ವಿವೇಕ ಇದರ ಹಿಂದಿದೆ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಚಾರ್ಮಾಡಿ, ಆಗುಂಬೆ ಘಾಟಿಗಳತ್ತ ಹೊರಡುವ ಎಷ್ಟು ಕಾರುಗಳ ಚಾಲಕರಿಗೆ ಈ ನಿಯಮ ತಿಳಿದಿದೆ? ಬಯಲಿನಲ್ಲಿ ಎಂಟು ಹಾಕಿ ಪಡೆದ ಪರವಾನಗಿಯೇ ಘಾಟಿ ರಸ್ತೆಗೂ ಸಲ್ಲುತ್ತದೆ, ಎಕ್ಸ್‌ಪ್ರೆಸ್ ಹೆದ್ದಾರಿಗೂ ಸಲ್ಲುತ್ತದೆ.

ಡ್ರೈವಿಂಗ್ ಶಾಲೆಗಳಿಗೂ ನಿಯಮದಲ್ಲಿ ಪಠ್ಯಕ್ರಮವಿದೆ. ಸಾರಿಗೇತರ ವಾಹನದ ತರಬೇತಿ ಕನಿಷ್ಠ 21 ದಿನ ನಡೆಯಬೇಕು, ಅದರಲ್ಲಿ ಸ್ವತಃ ವಾಹನ ಓಡಿಸಿದ ಅವಧಿ 10 ಗಂಟೆಗಿಂತ ಕಡಿಮೆಯಿರಕೂಡದು. ಬೆಳಗಿನ ಅರ್ಧ ಗಂಟೆಯ ಪಾಳಿಯಲ್ಲಿ ಒಂದೇ ಕಾರಿನಲ್ಲಿ ಮೂವರು ಕಲಿಯುವವರು ಸರದಿಗಾಗಿ ಕಾಯುವ ದೃಶ್ಯ ನಗರದ ಯಾವ ಬಡಾವಣೆಗೂ ಹೊಸದಲ್ಲ. ಇಬ್ಬರು ಹಿಂದಿನ ಸೀಟಿನಲ್ಲಿ ಕುಳಿತಿದ್ದಾಗ ಅವರ ಹತ್ತು ಗಂಟೆ ಹೇಗೆ ತುಂಬುತ್ತದೆ ಎಂಬ ಲೆಕ್ಕ ಆಯಾ ಶಾಲೆಯ ರಿಜಿಸ್ಟರ್‌ಗೇ ಗೊತ್ತು. ಕಾರಿನ ಎಡಬದಿಯಲ್ಲಿ ಬೋಧಕರ ಕಾಲಿಗೂ ಕ್ಲಚ್ ಮತ್ತು ಬ್ರೇಕ್ ಇರುವುದರಿಂದ, ತಾನು ಓಡಿಸಿದ್ದೆಷ್ಟು, ಬೋಧಕರು ಓಡಿಸಿದ್ದೆಷ್ಟು ಎಂಬುದು ಕಲಿಯುವವರಿಗೇ ಅನೇಕ ವೇಳೆ ತಿಳಿಯುವುದಿಲ್ಲ.

ದೆಹಲಿಯ ಪ್ರಯೋಗ ಹೇಳಿದ ಸತ್ಯ

ಮಧ್ಯವರ್ತಿಗಳ ಹಾವಳಿಯ ಬಗ್ಗೆ ಆರೋಪಗಳು ಎಷ್ಟೋ ಇವೆ. ಆದರೆ ಅಂಕಿ-ಅಂಶಗಳೊಂದಿಗೆ ಅದನ್ನು ಅಳೆದು ನೋಡಿದ ಪ್ರಯತ್ನಗಳು ವಿರಳ. ಅಂಥದೊಂದು ಪ್ರಯತ್ನವನ್ನು ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಂಡ್, ಸಿಮಿಯನ್ ಜಾಂಕೋವ್, ರೆಮಾ ಹಾನಾ ಮತ್ತು ಸೆಂಧಿಲ್ ಮುಲ್ಲೈನಾಥನ್ ದೆಹಲಿಯಲ್ಲಿ ಮಾಡಿದರು. ಅದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಪರವಾನಗಿಗೆ ಅರ್ಜಿ ಹಾಕುವ 822 ಮಂದಿಯನ್ನು ಅವರು ಹಿಂಬಾಲಿಸಿದರು. ಒಂದು ಗುಂಪಿಗೆ ಬೇಗ ಪರವಾನಗಿ ಪಡೆದರೆ ಬಹುಮಾನವೆಂದರು, ಇನ್ನೊಂದು ಗುಂಪಿಗೆ ಉಚಿತ ಚಾಲನಾ ಪಾಠ ಹೇಳಿಸಿದರು, ಮೂರನೆಯ ಗುಂಪನ್ನು ಅದರ ಪಾಡಿಗೆ ಬಿಟ್ಟರು. ಬಳಿಕ ಪರವಾನಗಿ ಪಡೆದವರನ್ನು ಕರೆಸಿ, ತಾವೇ ಏರ್ಪಡಿಸಿದ ಸ್ವತಂತ್ರ ಪರೀಕ್ಷೆಯಲ್ಲಿ ವಾಹನ ಓಡಿಸಲು ಹೇಳಿದರು.

ಪರವಾನಗಿ ಪಡೆದವರಲ್ಲಿ ಸುಮಾರು ಶೇ. 71ರಷ್ಟು ಮಂದಿ ಸರ್ಕಾರಿ ಚಾಲನಾ ಪರೀಕ್ಷೆಯನ್ನು ತೆಗೆದುಕೊಂಡೇ ಇರಲಿಲ್ಲ. ಸ್ವತಂತ್ರ ಪರೀಕ್ಷೆಯಲ್ಲಿ ಶೇ. 62ರಷ್ಟು ಮಂದಿ ವಾಹನ ಓಡಿಸಲು ಅನರ್ಹರೆಂದು ತಿಳಿದುಬಂತು. ಮಧ್ಯವರ್ತಿಯ ನೆರವಿಲ್ಲದೆ ಹೋದವರ ಕಥೆ ಬೇರೆ. ಅವರನ್ನು ಅಧಿಕಾರಿಗಳು ಹೆಚ್ಚಿನ ಪ್ರಮಾಣದಲ್ಲಿ ಅನುತ್ತೀರ್ಣಗೊಳಿಸಿದರು, ಆ ಅನುತ್ತೀರ್ಣತೆಗೂ ಅವರ ಚಾಲನಾ ಸಾಮರ್ಥ್ಯಕ್ಕೂ ಸಂಬಂಧವಿರಲಿಲ್ಲ. ಚೆನ್ನಾಗಿ ಕಲಿತು ನೇರವಾಗಿ ಹೋದವನಿಗೂ ಬಾಗಿಲು ತೆರೆಯದಿದ್ದರೆ ಆತ ಮುಂದಿನ ಬಾರಿ ಯಾರ ಬಳಿಗೆ ಹೋಗುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಆದರೆ ಈ ಅಧ್ಯಯನದಲ್ಲಿ ಹೆಚ್ಚು ಚರ್ಚೆಯಾಗದ ಇನ್ನೊಂದು ಅಂಶವಿದೆ, ಅದೇ ಇಂದಿಗೂ ಪ್ರಸ್ತುತ. ವಿವಿಧ ಕೊರತೆಗಳಿರುವ ಗಿರಾಕಿಗಳ ಸೋಗಿನಲ್ಲಿ ಮಧ್ಯವರ್ತಿಗಳನ್ನು ವಿಚಾರಿಸಿದಾಗ, ವಾಹನ ಓಡಿಸಲು ಬರುವುದಿಲ್ಲ ಎಂದವರಿಗೆ ಅವರು ಸಲೀಸಾಗಿ ಪರವಾನಗಿ ಕೊಡಿಸಲು ಒಪ್ಪಿದರು. ಕಾಗದಪತ್ರ ಸರಿಯಿಲ್ಲ ಎಂದವರ ವಿಷಯದಲ್ಲಿ ಅಷ್ಟು ಸಲೀಸಾಗಿ ಒಪ್ಪಲಿಲ್ಲ. ಅಂದರೆ ವ್ಯವಸ್ಥೆ ಪೂರ್ತಿ ಕುರುಡಾಗಿರಲಿಲ್ಲ. ದಾಖಲೆಯನ್ನು ಅದು ಕಾಯುತ್ತಿತ್ತು. ಚಾಲನೆ ಬರುತ್ತದೆಯೇ ಎಂಬುದನ್ನು ಮಾತ್ರ ಕಾಯುತ್ತಿರಲಿಲ್ಲ. ದಾಖಲೆ ಕಡತದಲ್ಲಿ ಉಳಿಯುತ್ತದೆ, ಮುಂದೊಂದು ದಿನ ಯಾರಾದರೂ ತೆಗೆದು ನೋಡಿಯಾರು. ಅಂದು ಬೆಳಿಗ್ಗೆ ಮೈದಾನದಲ್ಲಿ ಒಬ್ಬಾತ ಕಾರನ್ನು ಹೇಗೆ ಓಡಿಸಿದ, ಓಡಿಸಿದನೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಕಂಪ್ಯೂಟರ್ ಬಂದ ಮೇಲೆ

ದೆಹಲಿಯ ಆ ಅಧ್ಯಯನದ ನಂತರ ಬಹಳಷ್ಟು ಬದಲಾಗಿದೆ. ಅರ್ಜಿ, ಶುಲ್ಕ, ದಿನಾಂಕ ನಿಗದಿ ಎಲ್ಲವೂ 'ಸಾರಥಿ' ತಂತ್ರಾಂಶಕ್ಕೆ ಬಂದಿವೆ. 2019ರ ತಿದ್ದುಪಡಿಯ ನಂತರ ರಾಜ್ಯದ ಯಾವುದೇ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಕಲಿಕಾ ಪರವಾನಗಿಯೂ ಸೇರಿದಂತೆ 18 ಸೇವೆಗಳನ್ನು ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಲು 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅನುವು ಮಾಡಿಕೊಟ್ಟಿತು. ಎಲ್‌ಎಲ್‌ಗಾಗಿ ರಜೆ ಹಾಕಿ ಸಾಲಿನಲ್ಲಿ ನಿಲ್ಲುವ ಕಾಟ ತಪ್ಪಿದ್ದು ನಿಜ. ಇದನ್ನು ಸಣ್ಣ ಸಾಧನೆಯೆಂದು ತಳ್ಳಿಹಾಕುವಂತಿಲ್ಲ.

ಆದರೆ ಬಲಗೊಂಡದ್ದು ಯಾವ ಕಾವಲು? ಹೆಸರು, ವಿಳಾಸ, ಜನ್ಮದಿನಾಂಕಗಳ ಪರಿಶೀಲನೆ ಈಗ ಹಿಂದೆಂದಿಗಿಂತ ಬಿಗಿ. ಪರೀಕ್ಷೆಗೆ ಮುನ್ನ ರಸ್ತೆ ಸುರಕ್ಷತೆಯ ವಿಡಿಯೊ ಪಾಠವನ್ನೂ ತೋರಿಸಲಾಗುತ್ತದೆ. ಅದು ಪರದೆಯ ಮೇಲೆ ಓಡುತ್ತಿರುವಾಗ ಅಭ್ಯರ್ಥಿ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರೆ ಕೇಳುವವರಾರು? ಮನೆಯಲ್ಲಿ ಕುಳಿತು ಬರೆಯುವ ಪರೀಕ್ಷೆಯಲ್ಲಿ ಪಕ್ಕದ ಅಣ್ಣನೋ ಸೈಬರ್ ಸೆಂಟರ್‌ನ ಹುಡುಗನೋ ಉತ್ತರ ಹೇಳಿಕೊಟ್ಟರೆ ತಿಳಿಯುವುದು ಹೇಗೆ? ಹಿಂದೆ ಕಚೇರಿಯ ಕಂಪ್ಯೂಟರ್ ಮುಂದೆ ಕೂರಬೇಕೆಂಬ ಭಯಕ್ಕಾದರೂ ಅನೇಕರು ಚಿಹ್ನೆಗಳ ಪುಸ್ತಿಕೆಯನ್ನು ತಿರುವಿ ಹಾಕುತ್ತಿದ್ದರು. ಎಲ್‌ಎಲ್ ಹಂತದ ಈ ಬದಲಾವಣೆ ಗುರುತನ್ನು ಭದ್ರಗೊಳಿಸಿ ಕಲಿಕೆಯನ್ನು ಸಡಿಲಗೊಳಿಸಿದೆ ಎಂದರೆ ಅತಿಶಯೋಕ್ತಿಯಾಗದು. ರಸ್ತೆ ನಿಯಮಗಳ ಬಗ್ಗೆ ಒಬ್ಬ ವ್ಯಕ್ತಿಯನ್ನು ಸರ್ಕಾರ ಜೀವಮಾನದಲ್ಲಿ ಪ್ರಶ್ನಿಸುವುದು ಹೆಚ್ಚೂಕಡಿಮೆ ಇದೊಂದೇ ಬಾರಿ ಎಂಬುದನ್ನು ನೆನೆದರೆ ಆತಂಕ ಹೆಚ್ಚುತ್ತದೆ.

ಚಾಲನಾ ಪರೀಕ್ಷೆಗೆ ಯಂತ್ರದ ಕಣ್ಣು ಇಡುವುದು ಇನ್ನೊಂದು ದಾರಿ. ಬೆಂಗಳೂರಿನ ಜ್ಞಾನಭಾರತಿ ಬಳಿಯ ಮಲ್ಲತ್ತಹಳ್ಳಿಯಲ್ಲಿರುವ ಸ್ವಯಂಚಾಲಿತ ಪರೀಕ್ಷಾ ಪಥ ಇದಕ್ಕೆ ರಾಜ್ಯದ ಪರಿಚಿತ ಉದಾಹರಣೆ. ಗೆರೆಯ ಮೇಲೆ ಚಕ್ರ ಹತ್ತಿತೇ, ಕಾಲು ನೆಲಕ್ಕೆ ತಾಗಿತೇ, ಇಳಿಜಾರಿನಲ್ಲಿ ಕಾರು ಹಿಂದಕ್ಕೆ ಜಾರಿತೇ ಎಂಬುದನ್ನು ಇಂಥ ಪಥಗಳಲ್ಲಿ ಸೆನ್ಸರ್ ಮತ್ತು ಕ್ಯಾಮೆರಾಗಳು ದಾಖಲಿಸುತ್ತವೆ. ಕರುಣೆಗೂ ಕಾಸಿಗೂ ಅಲ್ಲಿ ಎಡೆ ಕಡಿಮೆ. ಮೈದಾನದ ಬೆಳಗಿನ ಪರೀಕ್ಷೆಗೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ ಎಂಬ ಹಳೆಯ ದೋಷಕ್ಕೆ ಇದು ನೇರ ಉತ್ತರ. ಇಂಥ ಪಥಗಳು ಹೆಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಹಾಗಿದ್ದೂ ಪಥಕ್ಕೆ ತನ್ನದೇ ಮಿತಿಯಿದೆ. ಅಲ್ಲಿ ಎದುರಿನಿಂದ ಬರುವ ಬಸ್ಸಿಲ್ಲ, ಹಠಾತ್ತನೆ ರಸ್ತೆಗಿಳಿಯುವ ಮಗುವಿಲ್ಲ, ಎಡದಿಂದ ನುಗ್ಗುವ ಸ್ಕೂಟರಿಲ್ಲ. 15ನೇ ನಿಯಮದ ಪಟ್ಟಿಯಲ್ಲಿ ಯಂತ್ರ ಅಳೆಯಬಲ್ಲದ್ದು ಅರ್ಧ ಭಾಗವನ್ನು ಮಾತ್ರ. ಪಾದಚಾರಿಯ ನಡೆಯನ್ನು ಊಹಿಸುವುದು, ಜಂಕ್ಷನ್‌ನಲ್ಲಿ ವೇಗ ತಗ್ಗಿಸುವುದು, ಸೌಜನ್ಯ ತೋರುವುದು ಉಳಿದರ್ಧ. ಸಾವು ಸಂಭವಿಸುವುದು ಆ ಉಳಿದರ್ಧದಲ್ಲಿ. ಕೇಂದ್ರ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ನಡೆದ 4,61,312 ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಆ ಪೈಕಿ ಶೇ. 71ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣವೆಂದು ದಾಖಲಾಗಿದೆ. ಎಂಟು ಹಾಕಲು ಬಾರದ್ದರಿಂದ ಸತ್ತವರ ಲೆಕ್ಕ ಯಾವ ವರದಿಯಲ್ಲೂ ಇಲ್ಲ.

ಕಲಿಸಿದವರೇ ಪರೀಕ್ಷಕರು

ಇನ್ನು 2021ರ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ಯೋಜನೆ. 2024ರ ವದಂತಿಗೆ ಮೂಲವಾದದ್ದೂ ಇದೇ. ಸಾಮಾನ್ಯ ಡ್ರೈವಿಂಗ್ ಶಾಲೆಗೂ ಈ ಕೇಂದ್ರಕ್ಕೂ ವ್ಯತ್ಯಾಸವಿದೆ. ಲಘು ವಾಹನದ ತರಬೇತಿಗೆ ಕೇಂದ್ರದ ಬಳಿ ಕನಿಷ್ಠ ಒಂದು ಎಕರೆ, ಭಾರಿ ವಾಹನಗಳಿಗೆ ಎರಡು ಎಕರೆ ಜಾಗವಿರಬೇಕು. ಲಘು ವಾಹನದ ಕೋರ್ಸ್ ಗರಿಷ್ಠ ನಾಲ್ಕು ವಾರಗಳಲ್ಲಿ 29 ಗಂಟೆ, ಅದರಲ್ಲಿ ಪ್ರಾಯೋಗಿಕ ತರಬೇತಿಯೇ 21 ಗಂಟೆ. ಇಲ್ಲಿ ಉತ್ತೀರ್ಣರಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಸಾಮಾನ್ಯ ಶಾಲೆಯ ಪ್ರಮಾಣಪತ್ರಕ್ಕೆ ಆ ವಿನಾಯಿತಿ ಇಲ್ಲ. ಪರವಾನಗಿ ಕೊಡುವ ಅಧಿಕಾರ ಎರಡೂ ಸಂದರ್ಭಗಳಲ್ಲಿ ಆರ್‌ಟಿಒ ಬಳಿಯೇ ಉಳಿದಿದೆ. 'ಡ್ರೈವಿಂಗ್ ಸ್ಕೂಲ್‌ನಲ್ಲೇ ಡಿಎಲ್' ಎಂದು ನಂಬಿ ಬಡಾವಣೆಯ ಶಾಲೆಗೆ ಮುಂಗಡ ಕಟ್ಟುವವರು ಈ ಭೇದವನ್ನು ಮೊದಲು ವಿಚಾರಿಸಿಕೊಳ್ಳುವುದು ಲೇಸು.

ಹತ್ತು ಗಂಟೆಯ ಬದಲು ಇಪ್ಪತ್ತೊಂದು ಗಂಟೆ ಸ್ಟೀರಿಂಗ್ ಹಿಡಿದವರು ಹೆಚ್ಚು ಕಲಿತಾರು ಎಂಬುದು ಸಹಜ ನಿರೀಕ್ಷೆ. ಕಲಿಕೆಗೆ ಒತ್ತು ಕೊಟ್ಟಿರುವುದರಿಂದ ಇದು ಸರಿಯಾದ ದಿಕ್ಕು. ಆದರೆ ಶುಲ್ಕ ಪಡೆದು ಕಲಿಸಿದ ಸಂಸ್ಥೆಯೇ ತನ್ನ ವಿದ್ಯಾರ್ಥಿಯನ್ನು ಪರೀಕ್ಷಿಸಿ ಅನುತ್ತೀರ್ಣಗೊಳಿಸಬೇಕೆಂಬ ನಿರೀಕ್ಷೆ ಎಷ್ಟು ವಾಸ್ತವ? ಅನುತ್ತೀರ್ಣರ ಸಂಖ್ಯೆ ಹೆಚ್ಚಿದರೆ ಮುಂದಿನ ತಂಡಕ್ಕೆ ಗಿರಾಕಿ ಬರುವುದು ಕಷ್ಟ. ಹಿಂದೆ ಆರ್‌ಟಿಒ ಮೈದಾನದಲ್ಲಿದ್ದ ದೌರ್ಬಲ್ಯ ಇಲ್ಲಿ ಬೇರೆ ವೇಷದಲ್ಲಿ ಬರುವ ಅಪಾಯವಿದೆ. ನಗರದೊಳಗೆ ಒಂದೆಕರೆ ಜಾಗದ ಬೆಲೆ ಬಲ್ಲವರಿಗೆ, ಒಂದು ಕೋಣೆ ಮತ್ತು ಎರಡು ಕಾರು ಇಟ್ಟುಕೊಂಡು ನಡೆಯುವ ಸಣ್ಣ ಶಾಲೆಗಳು ಈ ಪಟ್ಟಿಗೆ ಸೇರುವುದು ಅಸಾಧ್ಯವೆಂಬುದೂ ತಿಳಿದಿದೆ. ಬಹುಪಾಲು ಜನ ಕಲಿಯುತ್ತಿರುವುದು ಅಂಥ ಶಾಲೆಗಳಲ್ಲೇ. ಅವುಗಳ ಹತ್ತು ಗಂಟೆ ನಿಜಕ್ಕೂ ಹತ್ತು ಗಂಟೆಯೇ ಎಂದು ನೋಡುವ ಕೆಲಸ ಯಾವ ಹೊಸ ಯೋಜನೆಗೂ ಕಾಯಬೇಕಾಗಿಲ್ಲ.

ಮನೆಗೆ ಬರುವ ಬಿಲ್ಲು

ಪರವಾನಗಿ ಇಲ್ಲದೆ ವಾಹನ ಓಡಿಸಿದರೆ 2019ರ ಸೆಪ್ಟೆಂಬರ್ 1ರಿಂದ ಕಾಯ್ದೆಯಲ್ಲಿ ದಂಡ 5,000 ರೂಪಾಯಿ. ಅದಕ್ಕೆ ಮೊದಲು 500 ರೂಪಾಯಿ ಇತ್ತು. ಅದೇ ತಿಂಗಳಲ್ಲಿ ಜನರ ಆಕ್ರೋಶಕ್ಕೆ ಮಣಿದ ಕರ್ನಾಟಕ ಸರ್ಕಾರ ಸ್ಥಳದಲ್ಲೇ ವಸೂಲು ಮಾಡುವ ಹಲವು ದಂಡಗಳನ್ನು ತಗ್ಗಿಸಿತು. ಚರ್ಚೆಯೆಲ್ಲ ದಂಡದ ಸುತ್ತಲೇ ಸುತ್ತಿತು. ಆದರೆ ಪರವಾನಗಿಯ ನಿಜವಾದ ಬೆಲೆ ತಿಳಿಯುವುದು ಸಂಚಾರ ಪೊಲೀಸರ ರಸೀದಿಯಲ್ಲಲ್ಲ, ಅಪಘಾತ ಪರಿಹಾರ ನ್ಯಾಯಮಂಡಳಿಯ ಆದೇಶದಲ್ಲಿ.

ನ್ಯಾಷನಲ್ ಇನ್ಶೂರೆನ್ಸ್ ಮತ್ತು ಸ್ವರಣ್ ಸಿಂಗ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ನೀಡಿದ ತೀರ್ಪು ಇಲ್ಲಿ ಮುಖ್ಯ. ಚಾಲಕನಿಗೆ ಪರವಾನಗಿ ಇರಲಿಲ್ಲ ಎಂಬ ಕಾರಣಕ್ಕೆ ಅಪಘಾತದ ಸಂತ್ರಸ್ತರು ಬರಿಗೈಯಲ್ಲಿ ಹೋಗಬಾರದು; ವಿಮಾ ಕಂಪನಿ ಅವರಿಗೆ ಪರಿಹಾರ ಕೊಟ್ಟು, ವಾಹನದ ಮಾಲೀಕನ ತಪ್ಪು ಸಾಬೀತಾದಲ್ಲಿ ಆತನಿಂದ ವಸೂಲು ಮಾಡಿಕೊಳ್ಳಬಹುದು. ಮೃತರು ದುಡಿಯುವ ವಯಸ್ಸಿನವರಾಗಿದ್ದರೆ ಪರಿಹಾರ ಲಕ್ಷಗಳಲ್ಲಿರುತ್ತದೆ. ಭಾನುವಾರ ಸಂಜೆ ಸಂಬಂಧಿಕರ ಹುಡುಗನಿಗೆ ಕಾರಿನ ಕೀಲಿ ಕೊಟ್ಟ ಮಾಲೀಕ, ವರ್ಷಗಳ ನಂತರ ಮನೆ-ನಿವೇಶನ ಮಾರಬೇಕಾದ ಸ್ಥಿತಿಗೆ ಬರಬಹುದು.

ಹದಿಹರೆಯದ ಮಕ್ಕಳ ವಿಷಯದಲ್ಲಿ ಒಂದು ತಪ್ಪುತಿಳಿವಳಿಕೆ ನಗರಗಳಲ್ಲಿ ವ್ಯಾಪಕವಾಗಿದೆ. 16 ವರ್ಷಕ್ಕೇ 'ಗೇರ್ ಇಲ್ಲದ ಗಾಡಿ'ಗೆ ಪರವಾನಗಿ ಸಿಗುತ್ತದೆ ಎಂಬುದು ಅರ್ಧ ಸತ್ಯ. ಕಾಯ್ದೆ ಹೇಳುವುದು 50 ಸಿಸಿ ಮೀರದ ಎಂಜಿನ್‌ನ ದ್ವಿಚಕ್ರ ವಾಹನದ ಬಗ್ಗೆ. ಅಂಗಡಿಯಲ್ಲಿ ಈಗ ಸಿಗುವ ಪೆಟ್ರೋಲ್ ಸ್ಕೂಟರ್‌ಗಳು ಸಾಮಾನ್ಯವಾಗಿ 100ರಿಂದ 125 ಸಿಸಿ. ಮೊಪೆಡ್ ಎಂದು ಕರೆಸಿಕೊಳ್ಳುವುದೂ 100 ಸಿಸಿ ಆಸುಪಾಸಿನದು. ಅಂದರೆ 16ರ ಪರವಾನಗಿ ಹಿಡಿದು ಟ್ಯೂಷನ್‌ಗೆ ಮನೆಯ ಸ್ಕೂಟರ್ ಒಯ್ಯುವ ಹುಡುಗಿ ಕಾನೂನಿನ ಕಣ್ಣಿಗೆ ಪರವಾನಗಿ ಇಲ್ಲದ ಸವಾರಳೇ. ಬ್ಯಾಟರಿ ವಾಹನಗಳಲ್ಲಿ 250 ವ್ಯಾಟ್ ಹಾಗೂ ಗಂಟೆಗೆ 25 ಕಿ.ಮೀ. ವೇಗದ ಮಿತಿಯೊಳಗಿನವುಗಳಿಗೆ ಮಾತ್ರ ಪರವಾನಗಿ ಬೇಕಿಲ್ಲ. ಅದಕ್ಕೂ ಮೀರಿ ಓಡುವ ಇ-ಸ್ಕೂಟರ್‌ಗೆ ಸದ್ದಿಲ್ಲ ಎಂದ ಮಾತ್ರಕ್ಕೆ ವಿನಾಯಿತಿಯಿಲ್ಲ.

ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಂ ಈ ವಿಷಯದಲ್ಲಿ ಕಠೋರವಾಗಿದೆ. ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ವಾಹನ ಓಡಿಸಿದ ಬಾಲಕ ಅಥವಾ ಬಾಲಕಿಗೆ 25 ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಇಲ್ಲ. 2024ರ ವದಂತಿಯಲ್ಲಿ ಇದೂ 'ಹೊಸ ನಿಯಮ'ವಾಗಿ ಸೇರಿಕೊಂಡಿತ್ತು. ಐದು ವರ್ಷದಿಂದ ತಮ್ಮ ತಲೆಯ ಮೇಲೆ ತೂಗುತ್ತಿದ್ದ ಕತ್ತಿಯನ್ನು ಅನೇಕ ಪೋಷಕರು ಅಂದೇ ಮೊದಲು ಕಂಡಿದ್ದು.

ಇಪ್ಪತ್ತೆರಡು ವರ್ಷಗಳ ಮೌನ

ಅದೇ 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನೂ ಬದಲಿಸಿತು. 30 ತುಂಬುವ ಮುನ್ನ ಪಡೆದವರಿಗೆ 40 ವರ್ಷ ವಯಸ್ಸಿನವರೆಗೆ, 30ರಿಂದ 50ರೊಳಗಿನವರಿಗೆ ಹತ್ತು ವರ್ಷ, 50ರಿಂದ 55ರೊಳಗಿನವರಿಗೆ 60 ವರ್ಷ ವಯಸ್ಸಿನವರೆಗೆ, ನಂತರ ಐದೈದು ವರ್ಷ. ಅವಧಿ ಮುಗಿದ ಮೇಲೆ ಮೊದಲಿದ್ದ 30 ದಿನಗಳ ರಿಯಾಯಿತಿ ಈಗಿಲ್ಲ. ಮರುದಿನದಿಂದಲೇ ಪರವಾನಗಿ ಅಸಿಂಧು. ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ನಲವತ್ತಾದವರು ತಮ್ಮ ಹಳೆಯ ಕಾರ್ಡನ್ನು ಒಮ್ಮೆ ತೆಗೆದು ದಿನಾಂಕ ನೋಡಿಕೊಳ್ಳುವುದು ಒಳಿತು.

ಹದಿನೆಂಟರಲ್ಲಿ ಪಡೆದ ಪರವಾನಗಿ ನಲವತ್ತರವರೆಗೆ, ಅಂದರೆ 22 ವರ್ಷ ಯಾವ ಪ್ರಶ್ನೆಯೂ ಇಲ್ಲದೆ ಬಾಳುತ್ತದೆ. ಅಷ್ಟರಲ್ಲಿ ರಸ್ತೆ ನಿಯಮಾವಳಿಯೇ ಬದಲಾಗಬಹುದು, 2017ರಲ್ಲಿ ಬದಲಾದಂತೆ. ಅದನ್ನು ಹಳೆಯ ಪರವಾನಗಿದಾರರಿಗೆ ತಿಳಿಸುವ ಏರ್ಪಾಡು ವ್ಯವಸ್ಥೆಯಲ್ಲಿಲ್ಲ. ಅತಿವೇಗ, ಸಿಗ್ನಲ್ ಉಲ್ಲಂಘನೆ, ಮದ್ಯಪಾನ, ಮೊಬೈಲ್ ಬಳಕೆಯಂಥ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಪರವಾನಗಿ ಅಮಾನತು ಮಾಡುವಂತೆ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಮರುಕಲಿಕೆಗೆ ಒಂದು ಸಂದರ್ಭವಿದ್ದರೆ ಅದು ಅಮಾನತು ಮಾತ್ರ, ಅದೂ ಸಿಕ್ಕಿಬಿದ್ದವರಿಗೆ.

2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಲಘು ವಾಹನ ಪರವಾನಗಿ ಇರುವವರು 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂಬ 2017ರ ತೀರ್ಪನ್ನು ಎತ್ತಿಹಿಡಿಯಿತು. ಟ್ಯಾಕ್ಸಿ ಮತ್ತು ಸಣ್ಣ ಗೂಡ್ಸ್ ವಾಹನ ನಡೆಸಿ ಬದುಕುವ ಸಾವಿರಾರು ಮಂದಿಗೆ ಇದರಿಂದ ನಿರಾಳವಾಯಿತು. ಇಂಥ ಪರವಾನಗಿದಾರರಿಂದಲೇ ಅಪಘಾತಗಳು ಹೆಚ್ಚಿವೆ ಎಂದು ವಿಮಾ ಕಂಪನಿಗಳು ವರ್ಷಗಟ್ಟಲೆ ವಾದಿಸಿದ್ದವು. ಆದರೆ ಅದನ್ನು ತೋರಿಸುವ ಅಂಕಿ-ಅಂಶಗಳನ್ನು ಯಾರೂ ತನ್ನ ಮುಂದೆ ಇರಿಸಿಲ್ಲವೆಂದು ಪೀಠ ಗಮನಿಸಿತು.